ಹಲುಬೆಯ ಮೇಲೆ ಕೂತ ರಾಜಾತಿ

ಮಾರಂಡಹಳ್ಳಿಯ ಮೂಡಲ ದಿನ್ನೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಡ್ರೈವರ್ ಸುಬ್ಬರಾಯನ್ ಆಗಲೇ ಎಂಜಿನ್ನಿನ ಮುಂದೆ ಬಗ್ಗಿ ನಿಂತಿದ್ದಾನೆ. ಹಿಡಿ ಹಾಕಿ ತಿರುಗಿಸುತ್ತಾನೆ, ಎಂಜಿನ್ನು ಕೆಮ್ಮುತ್ತದೆ. ಮತ್ತೆ ತಿರುಗಿಸುತ್ತಾನೆ, ಮತ್ತೆ ಕೆಮ್ಮು. ಆಮೇಲೆ ಒಮ್ಮೆಲೇ ಕಪ್ಪು ಹೊಗೆ ಕಾರಿ, ಬದುವಿನ ಮೇಲಿದ್ದ ಕೊಕ್ಕರೆಗಳನ್ನೆಲ್ಲ ಎಬ್ಬಿಸಿ ಗುಡುಗತೊಡಗುತ್ತದೆ. ಆ ಗದ್ದಲದ ನಡುವೆ ಹೆಂಗಸೊಬ್ಬಳು ಹಿಂದಿನಿಂದ ಬಂದು, ಎಂಜಿನ್ನಿಗೆ ಕಟ್ಟಿದ, ಹೆಂಟೆ ಒಡೆಯುವ ಕಬ್ಬಿಣದ ಹಲುಬೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಸೀರೆಯನ್ನು ಬಿಗಿದು ಕಟ್ಟಿ, ಹಲುಬೆಯ ಮೇಲಿನ ಹಲಗೆಗೆ ಗೋಣಿತಾಟು ಹಾಸಿ ಕೂರುತ್ತಾಳೆ. ಒಂದು ಹುರಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಎಳೆಯುತ್ತಾಳೆ. ಸುಬ್ಬರಾಯನ್ನನ ಕಿವಿಯ ಹತ್ತಿರ ಎತ್ತಿನ ಕೊರಳ ಗಂಟೆಯೊಂದು ಟಣ್ ಎನ್ನುತ್ತದೆ. "ಪೋಲಾಮಾ ಅಕ್ಕಾ?" ಎಂದು ಅವನು ತಮಿಳಿನಲ್ಲಿ ಕೂಗುತ್ತಾನೆ. "ಓಗಾನ ಬುಡಣ್ಣ," ಎಂದು ಅವಳು ಕನ್ನಡದಲ್ಲಿ ಕೂಗುತ್ತಾಳೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಆದರೂ ಗಾಡಿ ಹೊರಡುತ್ತದೆ.

ನಿಜ ಹೇಳಬೇಕೆಂದರೆ ಪತ್ರಿಕೆಯವರು ನನ್ನನ್ನು ಇಲ್ಲಿಗೆ ಅಟ್ಟಿದ್ದು ಎಂಜಿನ್ನಿನ ಬಗ್ಗೆ ಬರೆಯುವುದಕ್ಕೆ. ಇಲ್ಲಿನ ಮಿಟ್ಟಾದಾರರು, ಅಂದರೆ ಈ ಕೆಲವು ಹಳ್ಳಿಗಳ ಒಡೆಯರು, ಹೋದ ವರ್ಷ ಟ್ರಾಕ್ಟರೊಂದನ್ನು ತರಿಸಿದರು. ಮೊರಪ್ಪೂರಿನಿಂದ ಹೊಸೂರಿಗೆ ಹೋಗುವ ಚಿಕ್ಕ ರೈಲಿನಲ್ಲಿ ಅದು ತುಂಡು ತುಂಡಾಗಿ ಬಂತಂತೆ. ಅದನ್ನು ನೋಡಲು ಧರ್ಮಪುರಿ, ಪಾಲಕ್ಕೋಡು, ಕಡೆಗೆ ಸೇಲಂನಿಂದಲೂ ಜನ ಬರುತ್ತಾರೆ. ಬಂದವರು ಕಬ್ಬಿಣದ ಚಕ್ರದ ಹಲ್ಲು ಮುಟ್ಟುತ್ತಾರೆ, ಸುಬ್ಬರಾಯನ್ನನ ಖಾಕಿ ಅಂಗಿಯನ್ನು ಮೆಚ್ಚುತ್ತಾರೆ, ಸೀಮೆಎಣ್ಣೆ ಎಷ್ಟು ಕುಡಿಯುತ್ತದೆ ಎಂದು ಕೇಳಿ ಹೌಹಾರುತ್ತಾರೆ. ಹಿಂದೆ ಹೊಗೆಯಲ್ಲಿ ಕೂತವಳನ್ನು ಯಾರೂ ನೋಡುವುದಿಲ್ಲ. ನಾನೂ ಮೊದಲ ಎರಡು ಸುತ್ತು ನೋಡಲಿಲ್ಲ. ಮೂರನೆಯ ಸುತ್ತಿನಲ್ಲಿ ಗಾಡಿ ನನ್ನ ಮುಂದೆ ನಿಂತಾಗ ಅವಳೇ ಮಾತಾಡಿಸಿದಳು.

"ಸಾಮಿ, ಬೆಳ್ಗಿರೋ ಪಂಚೆ ಉಟ್ಕೊಂಡು ಒಗೆ ಕಡೆ ನಿಂತವ್ರಲ್ಲಾ! ಆಮೇಕೆ ಮನೆನಾಗೆ ಅಮ್ಮಾರು ಬೈದ್ರೆ ನನ್ನ ಎಸ್ರು ಏಳ್ಬ್ಯಾಡಿ."

ಹಾಗೆ ಹೇಳಿದವಳ ಮುಖದಲ್ಲಿ ಕಣ್ಣು ಮತ್ತು ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಮಸಿ. ಕುತ್ತಿಗೆಯಿಂದ ಕೆಳಗೆ ಕೆಮ್ಮಣ್ಣು. "ಅಡ್ಗೆಮನೆ ಮಸಿ ಸಾಲ್ದು ಅಂತ ಒಲದಾಗೂ ಮಸಿ ಕೊಟ್ಟವ್ನೆ ದ್ಯಾವ್ರು," ಎಂದು ನಗುತ್ತಾಳೆ. ವಯಸ್ಸು ಮೂವತ್ತೈದೋ ನಲವತ್ತೋ, ಅವಳಿಗೂ ತಿಳಿಯದು. ಹೆಸರು ರಾಜಾತಿ.

ಈ ಎಂಜಿನ್ನಿಗೆ ಮೂರು ಹತ್ಯಾರಗಳಿವೆ. ಮೊದಲನೆಯದು ಮಣ್ಣನ್ನು ಬುಡಮೇಲು ಮಾಡುವ ಕಬ್ಬಿಣದ ನೇಗಿಲು. ಎರಡನೆಯದು ಊಟದ ತಟ್ಟೆಗಳನ್ನು ಸಾಲಾಗಿ ಓರೆಗೆ ನಿಲ್ಲಿಸಿದಂತಿರುವ ಹಲುಬೆ. ಊರಿನವರು ಇದನ್ನು ತಟ್ಟೆ ಹಲುಬೆ ಎನ್ನುತ್ತಾರೆ. ನೇಗಿಲು ಎಬ್ಬಿಸಿದ ಹೆಂಟೆಗಳನ್ನು ಇದು ಕತ್ತರಿಸುತ್ತದೆ. ಕೊನೆಗೆ ಬರುವುದು ಮುಳ್ಳು ಹಲುಬೆ, ಸಿಕ್ಕುಗಟ್ಟಿದ ತಲೆಯನ್ನು ಬಾಚುವಂತೆ ಹೊಲವನ್ನು ಬಾಚುತ್ತದೆ. ಇಷ್ಟಾದರೆ ರಾಗಿ ಬಿತ್ತುವ ಹಾಗೆ ಮಣ್ಣು ಪುಡಿಯಾಗುತ್ತದೆ. ರಾಜಾತಿಯ ಕೆಲಸ ತಟ್ಟೆ ಹಲುಬೆಯದು. ಅದು ಹಗುರ, ಮೇಲೆ ಭಾರವಿಲ್ಲದಿದ್ದರೆ ಮಣ್ಣಿಗೆ ಇಳಿಯದೆ ಜಾರಿಕೊಂಡು ಹೋಗುತ್ತದೆ. ಆದ್ದರಿಂದ ಅವಳು ಮೊದಲು ಭಾರ, ಆಮೇಲೆ ಆಳು. ತಟ್ಟೆಗಳ ನಡುವೆ ಜೋಳದ ಕೂಳೆ, ಬೇರು ಸಿಕ್ಕಿಕೊಂಡರೆ ಕೋಲಿನಿಂದ ಕಿತ್ತು ಬಿಸಾಡಬೇಕು. ಕಲ್ಲು ಕಂಡರೆ ಗಂಟೆ ಎಳೆಯಬೇಕು. ಬೆಳಗಿನಿಂದ ಬೈಗಿನವರೆಗೆ ಕೂತಲ್ಲೇ ಕುಲುಕಿ ಕುಲುಕಿ, ರಾತ್ರಿ ಮಲಗಿದರೂ ಚಾಪೆ ಅಲ್ಲಾಡುತ್ತದೆ ಎನ್ನುತ್ತಾಳೆ.

ಗಂಟೆ ಬಂದ ಕತೆ ಕೇಳಬೇಕು. ಮೊದಮೊದಲು ಕಲ್ಲು ಅಡ್ಡ ಬಂದಾಗ ರಾಜಾತಿ ಎತ್ತಿಗೆ ಹೇಳುವಂತೆ "ಹೋ! ಹೋ!" ಎಂದು ಕೂಗಿದಳಂತೆ. ಎತ್ತಾದರೆ ನಿಲ್ಲುತ್ತಿತ್ತು. ಎಂಜಿನ್ನು ಯಾರ ಮಾತು ಕೇಳುತ್ತದೆ? ಅದು ಹೋಗುತ್ತಲೇ ಇತ್ತು, ಇವಳು "ಹೋ ನನ್ನಪ್ಪಾ, ಹೋ ಬಸವಾ," ಎಂದು ಗೋಗರೆಯುತ್ತಲೇ ಇದ್ದಳು. ಬದುವಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಎರಡು ತಟ್ಟೆ ಮುರಿದವು. ಮಾರನೆಯ ದಿನ ಅವಳು ಮನೆಯ ತೊಲೆಗೆ ನೇತು ಹಾಕಿದ್ದ ಗಂಟೆಯನ್ನು ಬಿಚ್ಚಿ ತಂದು, ಸುಬ್ಬರಾಯನ್ನನ ತಲೆಯ ಪಕ್ಕಕ್ಕೆ ಕಟ್ಟಿಸಿ, ಹುರಿಯನ್ನು ತಾನು ಹಿಡಿದಳು.

"ಆ ಗಂಟೆ ನಮ್ಮ ಕಂದೆತ್ತಿಂದು ಸಾಮಿ. ಕಾಲುಬಾಯಿ ಬ್ಯಾನೆ ಬಂದು ಜೋಡಿನೂ ಓಯ್ತು. ಗಂಟೆ ಮಾತ್ರ ಉಳ್ಕಂತು. ಈಗ ಅದು ಟಣ್ ಅಂದ್ರೆ ಕಣ್ಣು ಮುಚ್ಕಂತೀನಿ. ಮುಂದೆ ಎತ್ತವೆ, ಎತ್ತಿನ ಇಂದೆ ಅವ್ರವ್ರೆ, ಅನ್ಕಂತೀನಿ. ಆಮೇಕೆ ಸೀಮೆಣ್ಣೆ ವಾಸ್ನೆ ಬತ್ತದೆ."

'ಅವರು' ಅಂದರೆ ಗಂಡ. ಅವಳು ಹೆಸರು ಹೇಳುವುದಿಲ್ಲ. ಪಕ್ಕದ ಮನೆಯ ಗೋವಿಂದಮ್ಮ ಹೇಳುತ್ತಾಳೆ: ತಿಮ್ಮರಾಯ. ಎತ್ತು ಸತ್ತ ಮೇಲೆ ಹೊಸ ಜೋಡಿ ಕೊಳ್ಳುವಷ್ಟು ದುಡಿದು ತರುತ್ತೇನೆಂದು ಅವನು ಮೆಟ್ಟೂರಿನ ಅಣೆಕಟ್ಟು ಕೆಲಸಕ್ಕೆ ಹೋದ. ಅಣೆಕಟ್ಟು ಮುಗಿದು ಈಗ ನಾಲ್ಕು ವರ್ಷ. ಜೊತೆಗೆ ಹೋದವರೆಲ್ಲ ಮರಳಿದರು. ಅವನೊಬ್ಬ ಬರಲಿಲ್ಲ. ಕಡಲಾಚೆಯ ಕಂಡಿಯ ಟೀ ತೋಟಕ್ಕೆ ಆಳು ಕರೆದೊಯ್ಯುವ ಕಂಗಾಣಿಯ ಹಿಂದೆ ಹೋದನೆಂದೂ, ಒಂದು ವರ್ಷಕ್ಕೆ ಬರುತ್ತೇನೆಂದು ಹೇಳಿ ಕಳಿಸಿದ್ದಾನೆಂದೂ ಬಂದವರು ತಿಳಿಸಿದರು. ಅಷ್ಟೇ. ಮತ್ತೆ ಸುದ್ದಿಯಿಲ್ಲ.

"ಮದ್ವೆ ಆದ ವರ್ಷ ಒಲ ಮಟ್ಟ ಮಾಡ್ವಾಗ ನನ್ನ ಅಲಗೆ ಮ್ಯಾಲೆ ಕೂರಿಸ್ತಿದ್ರು," ಎನ್ನುತ್ತಾಳೆ ರಾಜಾತಿ. "ಭಾರಕ್ಕೆ ಕಲ್ಲು ಮಡಗ್ಬೋದಿತ್ತು. ನೀನೇ ಬಾ ಅನ್ನೋರು. ಅವ್ರೂ ಅಲಗೆ ಮ್ಯಾಲೇ ಮುಂದೆ ನಿಂತು ಎತ್ತು ಒಡೀತಾ ತಿರುಗಿ ತಿರುಗಿ ನೋಡೋರು. ಬೇಕೂ ಅಂತ ಎತ್ತಿನ ಬಾಲ ತಿರುವಿ ಓಡ್ಸೋರು, ನಾ ಎಲ್ಲಿ ಬೀಳ್ತೀನೋ ಅಂತ ಅವ್ರ ಸೊಂಟ ಇಡ್ಕಳೋಳು. ಅತ್ತೆ ಬದಿನ್ ಮ್ಯಾಲಿಂದ ಬಯ್ಯೋರು." ತಟ್ಟೆಗೆ ಸಿಕ್ಕಿಕೊಂಡ ಕೂಳೆಯೊಂದನ್ನು ಕೋಲಿನಿಂದ ಕಿತ್ತು ಬಿಸಾಡಿ ಹೇಳುತ್ತಾಳೆ, "ಈ ಸುಬ್ರಾಯಣ್ಣ ಒಳ್ಳೇನೇ. ಆದ್ರೆ ಅವ್ನು ತಿರುಗಿ ನೋಡಿದ್ರೆ ಅಲುಬೆ ಎಂಗೈತೆ ಅಂತ ನೋಡ್ತಾನೆ."

ಇಂಥ ಕೆಲಸಕ್ಕೆ ಹೆಂಗಸು ಹೇಗೆ ಬಂದಳು ಎಂದು ನೀವು ಕೇಳಬಹುದು. ಗಂಡಸರು ಒಲ್ಲೆ ಎಂದಿದ್ದರಿಂದ ಬಂದಳು. ಹಲುಬೆ ಜಾರತೊಡಗಿದಾಗ ಸುಬ್ಬರಾಯನ್ ಕಲ್ಲು ಹೇರಿ ನೋಡಿದ. ಕಲ್ಲು ಉರುಳಿ ಬಿದ್ದವು. ಯಾರಾದರೂ ಕೂರಿ ಎಂದ. ಗಂಡಾಳುಗಳು ಮೀಸೆ ಮುಟ್ಟಿಕೊಂಡರು. ಭಾರಕ್ಕೆಂದು ಹಲಗೆ ಮೇಲೆ ಕೂರುವುದು ಹೆಂಗಸರು ಮಕ್ಕಳ ಕೆಲಸ, ನಾವೇನು ಗುಂಡುಕಲ್ಲೇ ಎಂದರು. ಹೆಂಟೆ ಒಡೆಯುವ ಕೂಲಿಗೆ ಬಂದಿದ್ದ ರಾಜಾತಿ ಕೊಡತಿಯನ್ನು ಬಿಸಾಕಿ ಹತ್ತಿ ಕೂತಳು. ಆದರೆ ನೇಗಿಲು ಕಟ್ಟಿದ ದಿನ ಅವಳು ಗಾಡಿಯ ಹತ್ತಿರ ಸುಳಿಯುವುದಿಲ್ಲ. ಹೆಂಗಸು ನೇಗಿಲು ಮುಟ್ಟಿದರೆ ಮಳೆ ಊರು ಬಿಟ್ಟು ಹೋಗುತ್ತದೆ ಎಂಬುದು ಇಲ್ಲಿನ ನಂಬಿಕೆ. ನೇಗಿಲು ಗಂಡಸಿನದು, ಹಲುಬೆಗೆ ಅಡ್ಡಿಯಿಲ್ಲ ಎಂದು ಊರ ಹಿರಿಯ ಸಿದ್ದಪ್ಪ ಅಂದೇ ತೀರ್ಮಾನ ಹೇಳಿದ್ದಾರೆ. ಕಬ್ಬಿಣದ್ದಾದರೂ ಅಷ್ಟೇ, ಮರದ್ದಾದರೂ ಅಷ್ಟೇ.

ಈ ತೀರ್ಮಾನವೇ ರಾಜಾತಿಯ ಬಾಳಿಗೆ ಒಂದು ದಾರಿ ಮಾಡಿಕೊಟ್ಟಿತು ಎಂದರೆ ತಪ್ಪಲ್ಲ. ಅದನ್ನು ತಿಳಿಯಬೇಕಾದರೆ ಅವಳ ಹೊಲವನ್ನು ನೋಡಬೇಕು.

ಮಿಟ್ಟಾದಾರರ ಜಮೀನಿನ ಅಂಚಿನಲ್ಲೇ ಅದು ಇದೆ. ಎರಡು ಎಕರೆ ಇರಬಹುದು. ಸುತ್ತಲೂ ಉತ್ತ ಕೆಂಪು ಹೊಲಗಳು, ನಡುವೆ ಇದೊಂದು ಹುಲ್ಲು, ತುಂಬೆ, ಲಾವಂಚ ಬೆಳೆದು ಬೀಳು ಬಿದ್ದಿದೆ. ಐದು ವರ್ಷ ಇದಕ್ಕೆ ನೇಗಿಲು ತಾಗಿಲ್ಲ. ಈ ಊರಲ್ಲಿ ಉಗಾದಿಗೆ ಹೊನ್ನೇರು ಕಟ್ಟುತ್ತಾರೆ: ಮನೆಯ ಗಂಡಸು ಎತ್ತಿಗೆ ಅರಿಶಿನ ಹಚ್ಚಿ, ತನ್ನ ಹೊಲದಲ್ಲಿ ವರ್ಷದ ಮೊದಲ ಸಾಲು ಹೊಡೆಯುತ್ತಾನೆ. ಆಮೇಲೆ ಯಾರು ಬೇಕಾದರೂ ಉಳಬಹುದು. ಗಂಡ ಪರಸ್ಥಳಕ್ಕೆ ಹೋಗಿದ್ದರೆ ಹೊಲ ಅವನಿಗಾಗಿ ಕಾಯುತ್ತದೆ. ಗಂಡ ತೀರಿಕೊಂಡಿದ್ದರೆ ಬೇರೆಯವರ ನೇಗಿಲು ಇಳಿಯುತ್ತದೆ. ಹಾಗಾಗಿ ರಾಜಾತಿಯ ಹೊಲಕ್ಕೆ ಇನ್ನೊಬ್ಬರ ನೇಗಿಲು ಇಳಿದ ದಿನ, ಯಾರೂ ಬಾಯಿ ಬಿಟ್ಟು ಹೇಳದಿದ್ದರೂ, ಊರು ತಿಮ್ಮರಾಯನ ಹೆಸರು ಬಿಟ್ಟ ಹಾಗೆ.

ಸಿದ್ದಪ್ಪನವರು ಕೆಟ್ಟವರಲ್ಲ. ಪ್ರತಿ ಮುಂಗಾರಿಗೂ ತಮ್ಮ ಎತ್ತು, ನೇಗಿಲು ಕಳಿಸುತ್ತೇನೆಂದು ಹೇಳಿದ್ದಾರೆ. "ಎಷ್ಟು ದಿನ ಅಂತ ಕಾಯ್ತೀಯ ಕೂಸೇ? ಒಲ ಬೀಳು ಬಿಟ್ಟು ಕೂಲಿಗೋಗಿ ರಾಗಿ ತರ್ತೀಯಲ್ಲ, ನೋಡೋಕೆ ಆಗಕಿಲ್ಲ," ಎಂದಿದ್ದಾರೆ. ಪ್ರತಿ ಸಲವೂ ಅವಳು ಒಂದೇ ಮಾತು ಹೇಳಿದ್ದಾಳೆ: "ಅವ್ರು ಬತ್ತಾರೆ ಮಾವ."

ಈ ವರ್ಷ ಅವಳಿಗೆ ಬೇರೆ ಮಾತು ಹೊಳೆಯಿತು. ಬಿತ್ತನೆಗೆ ನೇಗಿಲೇ ಏಕೆ ಬೇಕು? ಉಳದೆ ಬರೀ ಹರಗಿದರೆ? ತಟ್ಟೆ ಹಲುಬೆಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹೊಡೆದು, ಮುಳ್ಳು ಹಲುಬೆಯಲ್ಲಿ ಬಾಚಿದರೆ ಮಣ್ಣು ಬಿತ್ತನೆಗೆ ಬರುವುದಿಲ್ಲವೇ? ಆಗ ಹೊಲವೂ ಬೆಳೆಯುತ್ತದೆ, ಮೊದಲ ಸಾಲೂ ಉಳಿಯುತ್ತದೆ. ಮಿಟ್ಟಾದಾರರ ಬಳಿ ಹೋಗಿ ಅರ್ಧ ದಿನಕ್ಕೆ ಎಂಜಿನ್ನು ಕೇಳಿದಳು. ತಮ್ಮ ಗಾಡಿ ಬೀಳು ಹೊಲದಲ್ಲಿ ಏನು ಮಾಡುತ್ತದೆ ಎಂದು ನೋಡುವ ಆಸೆ ಅವರಿಗೂ ಇತ್ತೋ ಏನೋ, ಒಪ್ಪಿದರು. ಸಿದ್ದಪ್ಪನವರು ಮಾತ್ರ ಗಡ್ಡ ಕೆರೆದುಕೊಂಡು, "ಮಾಡು. ನಾ ಬದಿನ್ ಮ್ಯಾಲೆ ನಿಂತಿರ್ತೀನಿ. ನೇಗ್ಲು ಇಳಿದ್ರೆ ಇಳೀತು ಅಂತ್ಲೇ ಏಳ್ತೀನಿ," ಎಂದರು.

ಅದು ಈ ದಿನ. ನಾನು ಬಂದದ್ದೂ ಈ ದಿನ. ನನ್ನ ಅದೃಷ್ಟ.

ಹೊತ್ತು ನೆತ್ತಿಗೇರುವಾಗ ಗಾಡಿ ಮಿಟ್ಟಾದಾರರ ಹೊಲದಿಂದ ಇಳಿದು ರಾಜಾತಿಯ ಹೊಲಕ್ಕೆ ಬರುತ್ತದೆ. ಮೊನ್ನೆ ಪುನರ್ವಸು ಮಳೆ ಚೆನ್ನಾಗಿ ಹೊಯ್ದಿದೆ. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎಂಬ ಗಾದೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಇನ್ನೆರಡು ದಿನ ಬಿಸಿಲು ಹೊಡೆದರೆ ಈ ತೇವ ಆರಿ, ಹೊಲ ಇನ್ನೊಂದು ವರ್ಷ ಬೀಳು. ರಾಜಾತಿ ಹಲಗೆಯ ಮೇಲೆ ಕೂರುತ್ತಾಳೆ. ಬೆಳಗಿನ ನಗು ಈಗ ಇಲ್ಲ. ಗಂಟೆ ಟಣ್ ಎನ್ನುತ್ತದೆ. ಎಂಜಿನ್ನು ಎಳೆಯುತ್ತದೆ. ತಟ್ಟೆಗಳು ಹುಲ್ಲಿನ ಮೇಲೆ ಬರೀ ಗೆರೆ ಎಳೆದು ಮುಂದೆ ಹೋಗುತ್ತವೆ. ಮಣ್ಣು ಬಾಯಿ ಬಿಡುವುದಿಲ್ಲ.

ಇನ್ನೊಂದು ಸುತ್ತು. ಮತ್ತೆ ಅದೇ ಗೆರೆ.

ಸುಬ್ಬರಾಯನ್ ಗಾಡಿ ನಿಲ್ಲಿಸಿ ಕೆಳಗೆ ಹಾರುತ್ತಾನೆ. "ಇದು ಮಣ್ಣಾ, ಪಾರೈಯಾ?" ಮಣ್ಣೋ ಬಂಡೆಯೋ ಎಂದು ಬಯ್ಯುತ್ತಾನೆ. ಬೂಟಿನಿಂದ ನೆಲ ಒದೆಯುತ್ತಾನೆ. "ಅಕ್ಕಾ, ಕಲಪ್ಪೈ ಪೋಡಲಾಂ. ಒರೇ ಒರು ಸುತ್ತು." ನೇಗಿಲು ಕಟ್ಟೋಣ, ಒಂದೇ ಒಂದು ಸುತ್ತು. ಆಮೇಲೆ ಹಲುಬೆ ಬೆಣ್ಣೆಯಲ್ಲಿ ಓಡಿದಂತೆ ಓಡುತ್ತದೆ. ನೇಗಿಲು ಅಲ್ಲೇ ಬದುವಿನ ಪಕ್ಕದಲ್ಲಿದೆ. ಕೊಕ್ಕೆ ಬಿಚ್ಚಿ ಹಾಕುವುದಕ್ಕೆ ಎಷ್ಟು ಹೊತ್ತು ಬೇಕು?

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅವನು ಸೇಲಂ ಪಟ್ಟಣದವನು, ಅವನಿಗೆ ಮಣ್ಣು ಮಣ್ಣೇ, ಸಾಲು ಸಾಲೇ. ರಾಜಾತಿ ಬದುವಿನ ಕಡೆ ನೋಡುತ್ತಾಳೆ. ಸಿದ್ದಪ್ಪನವರು ಕೋಲೂರಿ ನಿಂತಿದ್ದಾರೆ. ಅವಳು ನೇಗಿಲಿನ ಕಡೆ ನೋಡುತ್ತಾಳೆ.

"ಬ್ಯಾಡಣ್ಣ," ಎನ್ನುತ್ತಾಳೆ. "ನೇಗ್ಲು ಬ್ಯಾಡ. ಭಾರ ಸಾಲ್ದು, ಅಷ್ಟೇಯ. ನಾ ಒಬ್ಳೇ ಸಾಲಾಕಿಲ್ಲ."

ಆಗ ಬದುವಿನ ಮೇಲಿಂದ ಗೋವಿಂದಮ್ಮನ ದನಿ ಬರುತ್ತದೆ. ಗೋವಿಂದಮ್ಮ ದಪ್ಪನೆಯ ಹೆಂಗಸು. ಊರಲ್ಲಿ ಅದಕ್ಕೆ ಹೆಸರಾದವಳು. "ಲೇ ರಾಜಾತಿ! ಭಾರ ಸಾಲ್ದು ಅಂದ್ರೆ ನನ್ನ ಯಾಕ್ಲೇ ಕೂಗ್ನಿಲ್ಲ? ಇಷ್ಟು ದಿನ ಉಂಡಿದ್ದು ಯಾವತ್ತಿಗೆ ಬರ್ಬೇಕು?" ಎನ್ನುತ್ತಾ ಸೀರೆ ಎತ್ತಿ ಕಟ್ಟಿ ಹೊಲಕ್ಕೆ ಇಳಿಯುತ್ತಾಳೆ. ಅವಳ ಹಿಂದೆ ಹೆಂಟೆ ಒಡೆಯುವ ಹೆಂಗಸರು ಇನ್ನೂ ಮೂವರು. ಹಲಗೆಯ ಮೇಲೆ ಒಬ್ಬರ ಸೊಂಟ ಒಬ್ಬರು ಹಿಡಿದು, "ಅಯ್ಯೋ ಬಿದ್ನಲ್ಲೇ, ಜರುಗೇ ಅತ್ಲಾಗೆ," ಎಂದು ಕಿರುಚುತ್ತ ಕೂರುತ್ತಾರೆ. ಸುಬ್ಬರಾಯನ್ ತಲೆಗೆ ಕೈಯಿಟ್ಟು, "ಮುರುಗಾ!" ಎಂದು ಆಕಾಶ ನೋಡುತ್ತಾನೆ. ಆದರೂ ಹತ್ತಿ ಕೂರುತ್ತಾನೆ.

ಗಂಟೆ. ಹೊಗೆ. ಎಂಜಿನ್ನು ತಿಣುಕುತ್ತದೆ, ಚಕ್ರದ ಹಲ್ಲು ನೆಲ ಕಚ್ಚುತ್ತದೆ. ಹಲುಬೆ ಒಮ್ಮೆ ನಡುಗಿ, ನಾಲ್ಕು ಬೆರಳು ಕೆಳಗಿಳಿಯುತ್ತದೆ. ಹುಲ್ಲಿನ ಅಡಿಯಿಂದ ಕೆಂಪು ಮಣ್ಣು ಮಗುಚಿ ಮೇಲೆ ಬರುತ್ತದೆ.

ಬದುವಿನ ಮೇಲೆ ಯಾರೋ ಸಿಳ್ಳೆ ಹೊಡೆಯುತ್ತಾರೆ. ನಾನೂ ಕೂಗಿದೆ ಎಂದು ಆಮೇಲೆ ತಿಳಿಯಿತು. ಐದು ವರ್ಷ ಬಿಸಿಲು ಕಾಣದ ಮಣ್ಣಿನ ವಾಸನೆ ಹೊಲವನ್ನೆಲ್ಲ ತುಂಬುತ್ತದೆ. ರಾಜಾತಿ ನಗುತ್ತಿಲ್ಲ, ಅಳುತ್ತಿಲ್ಲ. ಹುರಿ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು, ತಿರುಗಿ ತಿರುಗಿ ಹಿಂದಕ್ಕೆ ನೋಡುತ್ತಿದ್ದಾಳೆ. ಪಕ್ಕದಲ್ಲಿ ಗೋವಿಂದಮ್ಮ, "ನಿಮ್ಮ ತಿಮ್ಮರಾಯ ಬಂದಾಗ ಏಳ್ತೀನಿ ಕಣೇ, ನಿನ್ನೆಂಡ್ತೀನ ನಾ ತಬ್ಕೊಂಡು ಕೂತಿದ್ದೆ ಅಂತ," ಎಂದು ಕೂಗುತ್ತಾಳೆ. ಆಗ ರಾಜಾತಿಗೆ ತಡೆಯಲಾಗುವುದಿಲ್ಲ. ಮಸಿಯ ಮುಖದಲ್ಲಿ ಕಣ್ಣೀರು ಎರಡು ದಾರಿ ಮಾಡಿಕೊಂಡು ಇಳಿಯುತ್ತದೆ. ಊರಿನವರು ಆ ಹೆಸರಿಗೆ 'ಬಂದಾಗ' ಎಂದು ಸೇರಿಸಿ ಹೇಳಿದ್ದನ್ನು ಅವಳು ಎಷ್ಟು ವರ್ಷದಿಂದ ಕೇಳಿರಲಿಲ್ಲವೋ.

ಉದ್ದಕ್ಕೆ ಹರಗಿದ್ದಾಯಿತು. ಅಡ್ಡಕ್ಕೆ ಹರಗಿದ್ದಾಯಿತು. ಹೆಂಗಸರೆಲ್ಲ ಇಳಿದು ಸೊಂಟ ಹಿಡಿದುಕೊಂಡು ಬೇರು ಆರಿಸಿ ಬದುವಿಗೆ ಎಸೆಯುತ್ತಾರೆ. ಬಿಸಿಲು ಬಾಡುವ ಹೊತ್ತಿಗೆ ಮುಳ್ಳು ಹಲುಬೆ ಓಡಿ, ಹೊಲ ಸಾಣಿಗೆ ಹಿಡಿದ ಹಿಟ್ಟಿನಂತಾಗುತ್ತದೆ. ಸಿದ್ದಪ್ಪನವರು ಬದುವಿನಿಂದ ಇಳಿದು ಬರುತ್ತಾರೆ. ಮಂಡಿಯೂರಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹಿಸುಕಿ, ಬಿಟ್ಟು ನೋಡುತ್ತಾರೆ. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದಾರೆ.

"ಇದು ಅರಗಿರೋದು," ಎನ್ನುತ್ತಾರೆ ಸಿದ್ದಪ್ಪ, ಎಲ್ಲರಿಗೂ ಕೇಳುವಂತೆ. "ಉತ್ತಿರೋದಲ್ಲ. ಈ ಒಲಕ್ಕೆ ಇನ್ನೂ ನೇಗ್ಲು ಇಳಿದಿಲ್ಲ." ಆಮೇಲೆ ದನಿ ತಗ್ಗಿಸಿ ಅವಳಿಗೆ, "ನಾಳಿಕೆ ಕೂರಿಗೆ ಕಳಿಸ್ತೀನಿ ಕೂಸೇ. ಬೆದೆ ಆರೋಕ್ಮುಂಚೆ ಬಿತ್ಬುಡಾನ," ಎನ್ನುತ್ತಾರೆ.

ಜನ ಕರಗುತ್ತಾರೆ. ಸುಬ್ಬರಾಯನ್ ಗಾಡಿ ತಿರುಗಿಸಿಕೊಂಡು ಮಿಟ್ಟಾದಾರರ ಕೊಟ್ಟಿಗೆಗೆ ಹೊರಡುತ್ತಾನೆ. ಆಗ ನನ್ನ ಕಣ್ಣಿಗೆ ಒಂದು ಬೀಳುತ್ತದೆ. ಹೊಲದ ಮೂಡಲ ಅಂಚಿನಲ್ಲಿ, ಬದುವಿನ ಉದ್ದಕ್ಕೂ, ಒಂದು ಮೊಳ ಅಗಲದ ಪಟ್ಟಿ ಹುಲ್ಲು ಹಾಗೆಯೇ ನಿಂತಿದೆ. ಗಾಡಿ ತಿರುಗುವಾಗ ತಪ್ಪಿತೇ ಎಂದು ಕೇಳುತ್ತೇನೆ.

"ತಪ್ಪಿಲ್ಲ. ಅಲ್ಲಿಗೆ ಬಂದಾಗ್ಲೆಲ್ಲ ಗಂಟೆ ಎಳ್ದೆನಲ್ಲ," ಎನ್ನುತ್ತಾಳೆ. "ಅದು ಅವ್ರ ಸಾಲು."

ಮನೆಯ ಜಗಲಿಯಲ್ಲಿ ತಿಮ್ಮರಾಯನ ಮರದ ನೇಗಿಲು ಗೋಡೆಗೆ ಒರಗಿದೆ. ಅವಳು ಅದನ್ನು ಮುಟ್ಟುವುದಿಲ್ಲ. ಅದರ ಸುತ್ತ ಮಾತ್ರ ಗುಡಿಸಿ, ಸಗಣಿ ಸಾರಿಸಿದ್ದಾಳೆ. ಮಜ್ಜಿಗೆ ಕೊಟ್ಟು, ಎದುರಿಗೆ ಕೂತು, ತಾನೇ ನನ್ನನ್ನು ಪ್ರಶ್ನೆ ಕೇಳುತ್ತಾಳೆ.

"ನಿಮ್ಮ ಪೇಪರು ಎಲ್ಲೆಲ್ಲಿಗೆ ಓಗ್ತದೆ ಸಾಮಿ?"

ಬೆಂಗಳೂರು, ಮೈಸೂರು, ಸೇಲಂ, ಹೊಸೂರು ಎನ್ನುತ್ತೇನೆ.

"ಕಂಡಿಗೆ?"

ಗೊತ್ತಿಲ್ಲ ಎನ್ನುತ್ತೇನೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಲ್ಲಿಯೂ ಕನ್ನಡದವರು ಯಾರಾದರೂ ಇದ್ದು, ಯಾರಾದರೂ ತರಿಸಿದರೆ ಹೋದೀತು, ಎಂದು ಸೇರಿಸುತ್ತೇನೆ.

ಅವಳು ತಲೆಯಾಡಿಸುತ್ತಾಳೆ. "ಅವ್ರಿಗೆ ಓದೋಕೆ ಬರಾಕಿಲ್ಲ. ಯಾರಾನ ಓದಿ ಏಳ್ತಾರೆ. ನನ್ನ ಸುದ್ದಿ ಏನ್ ಬರೀತೀರೋ ಬರ್ಕಳಿ, ಬುಡಿ. ಮಸಿ ಮಾರಿ ಅಂತ್ಲೂ ಬರ್ಕಳಿ. ಕಡೇಲಿ ಇಷ್ಟು ಮಾತ್ರ ಮರೀದೆ ಆಕಿ." ಹೇಳುವ ಮುಂಚೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ, ಎದುರಿಗೆ ಅವನೇ ಇದ್ದಾನೋ ಎಂಬಂತೆ.

"ಒಲ ಅದವಾಗೈತೆ. ರಾಗಿ ಬಿತ್ತೀವಿ. ಮೂಡ್ಲ ಬದಿನಾಗೆ ಒಂದು ಸಾಲು ಬಾಕಿ ಮಡಗಿವ್ನಿ."